ಪೊಟ್ಟಲಕೆರೆಯ ನೀರು

ಬೀದರಿನಿಂದ ಹೈದರಾಬಾದಿಗೆ ಹೋಗುವ ಬಸ್ಸಿನಲ್ಲಿ ನಾವು ಊರುಗಳನ್ನು ಮೂಗಿನಿಂದಲೇ ಗುರುತಿಸುತ್ತಿದ್ದೆವು. ಜಹೀರಾಬಾದಿನ ನಿಲ್ದಾಣದಲ್ಲಿ ಮಿರ್ಚಿ ಭಜಿಯ ಎಣ್ಣೆ ವಾಸನೆ. ಸದಾಶಿವಪೇಟೆಯ ಆಚೆ, ಮಳೆಗಾಲವಾದರೆ, ಹಸಿ ಕರಿಮಣ್ಣಿನ ವಾಸನೆ. ಸಂಗಾರೆಡ್ಡಿ ದಾಟಿ ಸ್ವಲ್ಪ ಹೊತ್ತಾದ ಮೇಲೆ ಬಸ್ಸಿನೊಳಗೆ ಒಂದು ಗಡಿಬಿಡಿ ಶುರುವಾಗುತ್ತಿತ್ತು. ಹೆಂಗಸರು ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು. ಅಪ್ಪ ಕರ್ಚೀಪು ತೆಗೆದು ನನ್ನ ಕೈಗಿಡುತ್ತಿದ್ದರು. "ಪಟಾನ್‌ಚೆರು ಬಂತ್ ನೋಡು, ಖಿಡಕಿ ಹಾಕ್" ಎನ್ನುತ್ತಿದ್ದರು. ಕೊಳೆತ ಮೊಟ್ಟೆ, ಸ್ಪಿರಿಟ್ಟು, ಸುಟ್ಟ ರಬ್ಬರು ಎಲ್ಲ ಸೇರಿದಂಥ ಆ ವಾಸನೆಗೆ ನಮ್ಮಲ್ಲಿ ಹೆಸರಿರಲಿಲ್ಲ. 'ಪಟಾನ್‌ಚೆರು ವಾಸನಿ' ಎಂದರೆ ಸಾಕು, ಬೀದರಿನವರಿಗೆ ತಿಳಿಯುತ್ತಿತ್ತು.

ಇದು 1990ರ ದಶಕದ ಮಾತು. ಆ ಊರಿನ ಹಳೆಯ ಹೆಸರು ನನಗೆ ಗೊತ್ತಾದದ್ದು ಬಹಳ ತಡವಾಗಿ, ಎಂ.ಎ. ಓದುವಾಗ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಬರುವ ಪೊಟ್ಟಲಕೆರೆಯೇ ಇಂದಿನ ಪಟಾನ್‌ಚೆರು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಜಯಸಿಂಹನ ನೆಲೆವೀಡು ಅದು. ಅವನ ರಾಣಿ ಸುಗ್ಗಲೆಗೆ ದೇವರ ದಾಸಿಮಯ್ಯ ಶಿವದೀಕ್ಷೆ ಕೊಟ್ಟ ಕಥೆಯನ್ನು ಶರಣಸಾಹಿತ್ಯ ಓದಿದವರು ಬಲ್ಲರು. ಕನ್ನಡದ 'ಕೆರೆ' ತೆಲುಗಿನ 'ಚೆರುವು' ಆಗಿ, ಪೊಟ್ಟಲಕೆರೆ ಪಟಾನ್‌ಚೆರು ಆಯಿತು. ರಾಜಧಾನಿ ಹೋದರೂ, ಭಾಷೆ ಬದಲಾದರೂ ಊರಿನ ಹೆಸರಿನಲ್ಲಿ ನೀರು ಮಾತ್ರ ಉಳಿದುಕೊಂಡಿತ್ತು. ನಾನು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಊರು ಒಂದು ಕೆರೆಯ ಹೆಸರಿನದು ಎಂದು ತಿಳಿದ ದಿನದಿಂದ ಆ ನೀರಿನ ಕಥೆಯನ್ನು ಬಿಡಿಬಿಡಿಯಾಗಿ ಕೂಡಿಸುತ್ತ ಬಂದಿದ್ದೇನೆ.

ಊರಿನ ಸುತ್ತಲ ಹಳ್ಳಗಳ ಹೆಸರುಗಳೂ ಹಾಗೆಯೇ. ಒಂದು ಇಸಕವಾಗು, ತೆಲುಗಿನಲ್ಲಿ ಇಸಕ ಎಂದರೆ ಮರಳು, ವಾಗು ಎಂದರೆ ಹಳ್ಳ. ಅದು ಹೋಗಿ ಸೇರುವುದು ನಕ್ಕವಾಗು, ಅಂದರೆ ನರಿಹಳ್ಳಕ್ಕೆ. ಹೆಸರಿಟ್ಟವರ ಕಣ್ಣಿಗೆ ಕಂಡದ್ದು ಒಂದರಲ್ಲಿ ಮರಳು, ಇನ್ನೊಂದರ ದಂಡೆಯಲ್ಲಿ ನೀರು ಕುಡಿಯಲು ಬರುವ ನರಿ. ನರಿಹಳ್ಳ ಮುಂದೆ ಮಾಂಜ್ರಾ ನದಿಯನ್ನು ಕೂಡುತ್ತದೆ. ಮಾಂಜ್ರಾ ನಮ್ಮ ಬೀದರಿನ ನದಿ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಬೀದರ ಜಿಲ್ಲೆಯನ್ನು ಹಾದು, ತೆಲಂಗಾಣಕ್ಕೆ ಇಳಿದು, ಕಂದಕುರ್ತಿಯ ಬಳಿ ಗೋದಾವರಿಯನ್ನು ಸೇರುತ್ತದೆ. ನಾವು ನದಿಯ ಮೇಲಿನವರು, ಪಟಾನ್‌ಚೆರು ಕೆಳಗಿನವರು. ಅಲ್ಲಿನ ಕೊಳೆ ನಮ್ಮ ಕಡೆ ಬರುವುದಿಲ್ಲ. ಆದರೂ ಈ ಕಥೆ ನಮ್ಮ ಮನೆಯೊಳಗೆ ಬಂತು. ಅದು ಬಂದದ್ದು ಜ್ವರದ ದಾರಿಯಿಂದ.

ನಮ್ಮ ಅತ್ತೆ, ಅಪ್ಪನ ಅಕ್ಕ, ನಿಜಾಮರ ಕಾಲದಲ್ಲಿ ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗ ತೀರಿಕೊಂಡಳು. ಮಿಯಾದಿ ಬುಖಾರ್ ಎನ್ನುತ್ತಿದ್ದರು ಆಗ. ಮೂರು ವಾರದ ಮಿಯಾದು ಇರುವ ಜ್ವರ. ಅಷ್ಟು ದಿನ ತಡೆದರೆ ಬದುಕು, ಇಲ್ಲವಾದರೆ ಇಲ್ಲ. ಟೈಫಾಯಿಡ್ ಎಂಬ ಹೆಸರು ಮನೆಗೆ ಬಂದದ್ದು ಆಮೇಲೆ. ನಾನು ಪಿಯುಸಿ ಓದುವಾಗ ಅದೇ ಜ್ವರ ನನಗೂ ಬಂತು. ಡಾಕ್ಟರು ಬರೆದುಕೊಟ್ಟದ್ದು ಸಿಪ್ರೊಫ್ಲಾಕ್ಸಾಸಿನ್, ದಿನಕ್ಕೆ ಎರಡು ಗುಳಿಗೆ. ಐದನೆಯ ದಿನಕ್ಕೆ ಜ್ವರ ಇಳಿದು ಅನ್ನ ತಿಳಿಸಾರು ಕೇಳಿದೆ. ಅಜ್ಜಿ ಆ ಗುಳಿಗೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತ ಕೂತಿದ್ದಳು. "ಇದು ಆಗ ಸಿಕ್ಕಿದ್ರ ನಮ್ಮ ಪೋರಿ ಉಳೀತಿದ್ಳು" ಎಂದಳು. ಆ ಮಾತು ನನ್ನ ತಲೆಯಿಂದ ಎಂದೂ ಹೋಗಿಲ್ಲ. ಹಾಗಾಗಿ ಪಟಾನ್‌ಚೆರುವಿನ ಕಥೆಯನ್ನು ಬರೀ ಖಳರ ಕಥೆಯಾಗಿ ಹೇಳಲು ನನಗೆ ಬರುವುದಿಲ್ಲ.

ಆ ಗುಳಿಗೆ ನಮ್ಮ ಕೈಗೆಟುಕುವ ಬೆಲೆಗೆ ಬಂದದ್ದಕ್ಕೂ ಒಂದು ಇತಿಹಾಸವಿದೆ. ಸ್ವಾತಂತ್ರ್ಯ ಬಂದಾಗ ಭಾರತದ ಔಷಧ ಮಾರುಕಟ್ಟೆ ವಿದೇಶಿ ಕಂಪನಿಗಳ ಹಿಡಿತದಲ್ಲಿತ್ತು, ಬೆಲೆ ಬಡವರಿಗೆ ನಿಲುಕುತ್ತಿರಲಿಲ್ಲ. 1961ರಲ್ಲಿ ಕೇಂದ್ರ ಸರ್ಕಾರ ಸೋವಿಯತ್ ಒಕ್ಕೂಟದ ನೆರವಿನಿಂದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಲಿಮಿಟೆಡ್, ಅಂದರೆ ಐಡಿಪಿಎಲ್ ಸ್ಥಾಪಿಸಿತು. ಪ್ರತಿಜೀವಕಗಳ ಕಾರ್ಖಾನೆ ಋಷಿಕೇಶಕ್ಕೆ ಹೋಯಿತು. ಸಂಶ್ಲೇಷಿತ ಔಷಧಗಳ ಕಾರ್ಖಾನೆ ಹೈದರಾಬಾದಿನ ಬಾಲಾನಗರಕ್ಕೆ ಬಂತು. ಔಷಧ ತಯಾರಿಕೆಯ ವಿದ್ಯೆ ಕಲಿತ ಒಂದು ಇಡೀ ಪೀಳಿಗೆ ಅಲ್ಲಿಂದ ಹೊರಬಿತ್ತು. ಮುಂದೆ 1984ರಲ್ಲಿ ತಮ್ಮ ಹೆಸರಿನ ಕಂಪನಿ ಕಟ್ಟಿದ ಕೆ. ಅಂಜಿರೆಡ್ಡಿಯವರೂ ಐಡಿಪಿಎಲ್‌ನಲ್ಲಿ ಕೆಲಸ ಮಾಡಿದವರೇ.

ಎರಡನೆಯ ಹೆಜ್ಜೆ 1970ರ ಪೇಟೆಂಟ್ ಕಾಯ್ದೆ. 1972ರಲ್ಲಿ ಜಾರಿಗೆ ಬಂದ ಈ ಕಾಯ್ದೆ ಔಷಧದ ಮೇಲೆ ಪೇಟೆಂಟ್ ಕೊಡುವುದನ್ನು ನಿಲ್ಲಿಸಿ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಉಳಿಸಿತು. ಹೊರದೇಶದಲ್ಲಿ ಕಂಡುಹಿಡಿದ ಔಷಧವನ್ನು ಬೇರೆ ವಿಧಾನದಿಂದ ಮಾಡಿದರೆ ಅದು ಕಾನೂನುಬದ್ಧ. ಐಡಿಪಿಎಲ್‌ನಲ್ಲಿ ಕಲಿತವರಿಗೆ ಬೇಕಾದದ್ದೂ ಅದೇ ಬಾಗಿಲು. ಮೂರನೆಯದು ಜಾಗ. ಆಗಿನ ಮೇದಕ್ ಜಿಲ್ಲೆ ಹಿಂದುಳಿದದ್ದು, ಆದರೆ ಹೈದರಾಬಾದಿಗೆ ಅಂಟಿಕೊಂಡದ್ದು. ಹೆದ್ದಾರಿ ಇತ್ತು, ನೆಲ ಅಗ್ಗವಾಗಿತ್ತು. 1970ರ ದಶಕದಲ್ಲಿ ಪಟಾನ್‌ಚೆರು, ಬೊಲ್ಲಾರಂಗಳಲ್ಲಿ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು. 1980ರಲ್ಲಿ ಇಂದಿರಾ ಗಾಂಧಿ ಮೇದಕ್‌ನಿಂದ ಲೋಕಸಭೆಗೆ ಆರಿಸಿ ಬಂದರು. ಪ್ರಧಾನಿಯ ಕ್ಷೇತ್ರ ಎಂಬ ಹಿರಿಮೆ ಸೇರಿದ ಮೇಲೆ ಕಾರ್ಖಾನೆಗಳು ಬರುವುದಕ್ಕೆ ಬೇರೆ ಆಹ್ವಾನ ಬೇಕಿರಲಿಲ್ಲ.

ಬಂದ ಔಷಧ ಕಾರ್ಖಾನೆಗಳಲ್ಲಿ ಹೆಚ್ಚಿನವು ಗುಳಿಗೆ ಮಾಡುವವಲ್ಲ, ಗುಳಿಗೆಯೊಳಗಿನ ಮೂಲದ್ರವ್ಯ ಮಾಡುವವು. ಅಲ್ಲಿನವರ ಮಾತಿನಲ್ಲಿ ಬಲ್ಕ್ ಡ್ರಗ್. ಈ ಕೆಲಸದ ಸ್ವಭಾವ ತಿಳಿಯದೆ ಹಳ್ಳದ ಗತಿ ಅರ್ಥವಾಗುವುದಿಲ್ಲ. ಒಂದು ರಾಸಾಯನಿಕವನ್ನು ಇನ್ನೊಂದಾಗಿ, ಅದನ್ನು ಮತ್ತೊಂದಾಗಿ ಹಂತಹಂತವಾಗಿ ಬದಲಾಯಿಸಬೇಕು. ಪ್ರತಿ ಹಂತದಲ್ಲೂ ದ್ರಾವಕ ಬೇಕು, ಆಮ್ಲ ಕ್ಷಾರಗಳು ಬೇಕು, ತೊಳೆಯಲು ನೀರು ಬೇಕು. ಕೊನೆಗೆ ಒಂದು ಕಿಲೋ ಬಿಳಿ ಪುಡಿ ಕೈಗೆ ಬರುವ ಹೊತ್ತಿಗೆ ಅದರ ಎಷ್ಟೋ ಪಟ್ಟು ತೂಕದ ತ್ಯಾಜ್ಯ ಹಿಂದೆ ಉಳಿದಿರುತ್ತದೆ. ಆ ತ್ಯಾಜ್ಯದಲ್ಲಿ ತಯಾರಾದ ಔಷಧವೂ ಒಂದಿಷ್ಟು ಹೋಗಿರುತ್ತದೆ. ಪುಡಿ ಡಬ್ಬಿ ಸೇರಿ ಬಂದರಿಗೆ ಹೋಯಿತು. ಉಳಿದದ್ದು ಮರಳುಹಳ್ಳಕ್ಕೆ.

ಜಲಮಾಲಿನ್ಯ ತಡೆಯುವ ಕಾಯ್ದೆ 1974ರಲ್ಲೇ ಬಂದಿತ್ತು. ಹಳ್ಳಕ್ಕೆ ಅದು ಕಾಣಲಿಲ್ಲ. 1980ರ ದಶಕದಲ್ಲಿ ಹಳ್ಳದ ನೀರು ಬಣ್ಣ ಬದಲಿಸಿತು, ಬಾವಿಗಳು ಕೆಟ್ಟವು, ಆ ನೀರು ಹಾಯಿಸಿದ ಭತ್ತದ ಗದ್ದೆಗಳು ಬೆಳೆ ಕೊಡುವುದನ್ನು ಬಿಟ್ಟವು. ಇದನ್ನು ಮೊದಲು ದೊಡ್ಡ ದನಿಯಲ್ಲಿ ಹೇಳಿದವರಲ್ಲಿ ಒಬ್ಬರು ಅಲ್ಲಿಯೇ ದವಾಖಾನೆ ಇಟ್ಟುಕೊಂಡಿದ್ದ ಡಾ. ಎ. ಕಿಷನ್ ರಾವ್. ರೋಗಿಗಳ ಮೈಮೇಲಿನ ಗಾಯ, ಕೆಮ್ಮು, ಹೊಟ್ಟೆನೋವುಗಳನ್ನು ನೋಡುತ್ತ ನೋಡುತ್ತ, ಅವರ ಕಾಯಿಲೆಯ ಮೂಲ ಹಳ್ಳದಲ್ಲಿದೆ ಎಂಬ ತೀರ್ಮಾನಕ್ಕೆ ಬಂದವರು. ರೈತರ ಜೊತೆ ಬೀದಿಗೆ ಇಳಿದು ದಶಕಗಳ ಕಾಲ ಹೋರಾಡಿದರು. 1990ರಲ್ಲಿ ಇಂಡಿಯನ್ ಕೌನ್ಸಿಲ್ ಫಾರ್ ಎನ್ವಿರೋ-ಲೀಗಲ್ ಆಕ್ಷನ್ ಎಂಬ ಸಂಸ್ಥೆಯ ಅರ್ಜಿಯಾಗಿ ಈ ದೂರು ಸುಪ್ರೀಂ ಕೋರ್ಟು ಮುಟ್ಟಿತು. ಹಳ್ಳಿಗಳಿಗೆ ಕುಡಿಯುವ ನೀರು ಕೊಡಿ, ರೈತರಿಗೆ ಪರಿಹಾರ ಕೊಡಿ ಎಂದು ಕೋರ್ಟು ಹೇಳಿತು. ಅಲ್ಲಿಂದ ಪ್ರಕರಣ ಆಂಧ್ರಪ್ರದೇಶದ ಹೈಕೋರ್ಟಿಗೆ, ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ತೀರ್ಪು ಬಂದದ್ದು 2017ರಲ್ಲಿ. ಅರ್ಜಿ ಹಾಕಿದ ವರ್ಷ ಹುಟ್ಟಿದ ಕೂಸಿಗೆ ಅಷ್ಟು ಹೊತ್ತಿಗೆ ಇಪ್ಪತ್ತೇಳು ವರ್ಷ.

ಈ ನಡುವೆ ಸಮಸ್ಯೆಗೆ ಒಂದು ಪರಿಹಾರವನ್ನೂ ಕಟ್ಟಿದರು. ಸಣ್ಣ ಕಾರ್ಖಾನೆಗಳಿಗೆ ತಮ್ಮದೇ ಶುದ್ಧೀಕರಣ ಘಟಕ ಕಟ್ಟುವ ಶಕ್ತಿ ಇಲ್ಲ; ಹಾಗಾಗಿ ಎಲ್ಲರಿಗೂ ಸೇರಿ ಒಂದೇ ಘಟಕ. ಟ್ಯಾಂಕರುಗಳಲ್ಲಿ ಕೊಳೆನೀರು ತಂದು ಸುರಿದರೆ, ಅದನ್ನು ಶುದ್ಧೀಕರಿಸಿ ಹಳ್ಳಕ್ಕೆ ಬಿಡುವುದು. 1990ರ ದಶಕದಲ್ಲಿ ಪಟಾನ್‌ಚೆರುವಿನಲ್ಲಿ ಶುರುವಾದ ಈ ಸಾಮೂಹಿಕ ಘಟಕಕ್ಕೆ ಸುಮಾರು 90 ಬಲ್ಕ್ ಡ್ರಗ್ ಕಾರ್ಖಾನೆಗಳ ನೀರು ಬರುತ್ತಿತ್ತು. ಯೋಜನೆ ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು. ಕೊಳೆಯನ್ನು ತಿಂದು ಕರಗಿಸುವ ಕೆಲಸ ಬ್ಯಾಕ್ಟೀರಿಯಾಗಳದು. ನಗರದ ಕೊಳೆನೀರು ಶುದ್ಧವಾಗುವುದೂ ಹಾಗೆಯೇ. ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯಲೆಂದು ಮನುಷ್ಯರ ಶೌಚದ ನೀರನ್ನೂ ಬೆರೆಸುತ್ತಿದ್ದರು. ಹೊರಗೆ ಬಂದ ನೀರಿನಲ್ಲಿ ಎಷ್ಟು ಲವಣವಿದೆ, ಆಮ್ಲಜನಕವನ್ನು ಹೀರುವ ಕೊಳೆ ಎಷ್ಟಿದೆ ಎಂದು ಅಳೆಯುತ್ತಿದ್ದರು. ಅದರೊಳಗೆ ಔಷಧ ಎಷ್ಟಿದೆ ಎಂದು ಅಳೆಯಿರಿ ಎಂದು ಯಾವ ನಿಯಮವೂ ಹೇಳಿರಲಿಲ್ಲ.

ಅಳೆದವರು ಸ್ವೀಡನ್ನಿನವರು. ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಯೋಆಕಿಮ್ ಲಾರ್ಶನ್ ಮತ್ತು ಸಂಗಡಿಗರು ಈ ಸಾಮೂಹಿಕ ಘಟಕದಿಂದ ಹೊರಬರುವ, ಶುದ್ಧೀಕರಿಸಿದ ನೀರಿನ ಮಾದರಿ ತೆಗೆದುಕೊಂಡು ಹೋಗಿ, 59 ಔಷಧಗಳಿಗಾಗಿ ಪರೀಕ್ಷಿಸಿದರು. ಅವರ ಲೇಖನ 2007ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಒಂದು ಅಂಕಿಯನ್ನು ಮೊದಲ ಸಲ ಓದಿದಾಗ ದಶಮಾಂಶದ ಚುಕ್ಕೆ ತಪ್ಪಾಗಿದೆ ಎಂದುಕೊಂಡೆ. ಒಂದು ಲೀಟರಿಗೆ 31 ಮಿಲಿಗ್ರಾಂ ತನಕ ಸಿಪ್ರೊಫ್ಲಾಕ್ಸಾಸಿನ್. ನನ್ನ ಜ್ವರ ಇಳಿಸಿದ ಗುಳಿಗೆಯೇ.

ನಮ್ಮ ಅಳತೆಯಲ್ಲಿ ಹೇಳುವುದಾದರೆ, ಐನೂರು ಮಿಲಿಗ್ರಾಮಿನ ಒಂದು ಗುಳಿಗೆಯನ್ನು ಒಂದು ದೊಡ್ಡ ಕೊಡ ನೀರಿನಲ್ಲಿ, ಹದಿನಾರು ಲೀಟರಿನಲ್ಲಿ, ಕರಗಿಸಿದಷ್ಟು. ಗುಳಿಗೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು ಔಷಧ ಆ ಹಳ್ಳಕ್ಕೆ ಬಿಡುವ ನೀರಿನಲ್ಲಿತ್ತು. ಒಂದು ದಿನಕ್ಕೆ ಹೀಗೆ ಹರಿದುಹೋಗುವುದು ಸುಮಾರು 45 ಕಿಲೋ ಎಂದು ಅವರು ಅಂದಾಜಿಸಿದರು. ತೊಂಬತ್ತು ಲಕ್ಷ ಜನರ ಸ್ವೀಡನ್ ದೇಶ ಐದು ದಿನದಲ್ಲಿ ನುಂಗುವಷ್ಟು ಅದು. ತೊಂಬತ್ತು ಸಾವಿರ ಗುಳಿಗೆ, ದಿನಾ, ನರಿಹಳ್ಳಕ್ಕೆ. 2009ರಲ್ಲಿ ಬಂದ ಇನ್ನೊಂದು ಅಧ್ಯಯನ ಸುತ್ತಲ ಕೆರೆಗಳಲ್ಲಿ, ಹಳ್ಳಿಗಳ ಬಾವಿಗಳಲ್ಲಿ ಕೂಡ ಔಷಧಗಳನ್ನು ಕಂಡಿತು. 2011ರಲ್ಲಿ ಹಳ್ಳದ ತಳದ ಕೆಸರನ್ನು ಪರೀಕ್ಷಿಸಿದಾಗ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ವಂಶವಾಹಿಗಳು ಅಲ್ಲಿ ರಾಶಿಯಾಗಿ ಸಿಕ್ಕವು.

ಈಗ ಆ ಅಚ್ಚುಕಟ್ಟಾದ ಯೋಜನೆಯನ್ನು ಇನ್ನೊಮ್ಮೆ ನೋಡಿ. ಮನುಷ್ಯರ ಹೊಟ್ಟೆಯಿಂದ ಬಂದ ಬ್ಯಾಕ್ಟೀರಿಯಾಗಳನ್ನು ಒಂದು ತೊಟ್ಟಿಗೆ ತಂದು, ಅವುಗಳನ್ನು ಕೊಲ್ಲುವ ಔಷಧದ ಜೊತೆ ದಿನಗಟ್ಟಲೆ ಇಡುವುದು. ಹೆಚ್ಚಿನವು ಸಾಯುತ್ತವೆ. ಸಾಯದವು ಬೆಳೆಯುತ್ತವೆ, ಸಾಯದಿರುವ ಗುಟ್ಟನ್ನು ಪಕ್ಕದವಕ್ಕೂ ದಾಟಿಸುತ್ತವೆ. ಆಮೇಲೆ ಎಲ್ಲವನ್ನೂ ಹಳ್ಳಕ್ಕೆ ಬಿಡುವುದು. ಬ್ಯಾಕ್ಟೀರಿಯಾಗಳಿಗೆ ಗರಡಿಮನೆ ಕಟ್ಟಿಕೊಡಬೇಕೆಂದು ಯಾರೂ ಹೊರಟಿರಲಿಲ್ಲ. ಹಳ್ಳವನ್ನು ಉಳಿಸಲು ಹೊರಟವರೇ ಅದನ್ನು ಕಟ್ಟಿದ್ದರು.

ಬಸ್ಸಿನಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದ ನಾವು ಏನನ್ನು ತಪ್ಪಿಸಿಕೊಳ್ಳುತ್ತಿದ್ದೆವು ಎಂದು ಆಗ ಯೋಚಿಸಿದೆ. ವಾಸನೆ ದ್ರಾವಕಗಳದು, ಗಂಧಕದ ಸಂಯುಕ್ತಗಳದು. ಹಳ್ಳದಲ್ಲಿದ್ದ ಔಷಧ ನಮ್ಮ ಮೂಗಿಗೆ ಸಿಗುವಂಥದ್ದಾಗಿರಲಿಲ್ಲ. ಜನ ಮೂಗಿಗೆ, ಕಣ್ಣಿಗೆ ಸಿಕ್ಕದ್ದರ ಮೇಲೆ ದೂರಿದರು. ಕಾನೂನೂ ಬಹುಮಟ್ಟಿಗೆ ಅದನ್ನೇ ಅಳೆಯಿತು.

ವಾಸನೆಯ ಸಮಸ್ಯೆಗೆ ಉತ್ತರವೂ ಸಿಕ್ಕಿತು. ಘಟಕದ ನೀರನ್ನು ಹಳ್ಳಕ್ಕೆ ಬಿಡುವುದು ಬೇಡ ಎಂದು 18 ಕಿಲೋಮೀಟರಿನ ಕೊಳವೆ ಹಾಕಿ, 2009ರ ಹೊತ್ತಿಗೆ ಅದನ್ನು ಹೈದರಾಬಾದಿನ ಒಳಚರಂಡಿಗೆ ಸೇರಿಸಿದರು. ಅದು ನಗರದ ಕೊಳೆಯೊಂದಿಗೆ ಬೆರೆತು, ಅಂಬರ್‌ಪೇಟೆಯ ಶುದ್ಧೀಕರಣ ಘಟಕ ಹಾದು, ಮೂಸಿ ನದಿಗೆ ಬೀಳುತ್ತದೆ. ನಕಾಶೆ ಬಿಡಿಸಿ ನೋಡಿದರೆ ಇದರ ಅರ್ಥ ಹೊಳೆಯುತ್ತದೆ. ಇಸಕವಾಗು, ನಕ್ಕವಾಗು, ಮಾಂಜ್ರಾ ಗೋದಾವರಿಯ ಕಡೆಯವು. ಮೂಸಿ ಹೋಗಿ ಸೇರುವುದು ಕೃಷ್ಣೆಯನ್ನು. ಒಂದು ನದಿಯ ಕೊಳೆಯನ್ನು ಎತ್ತಿ ಇನ್ನೊಂದು ನದಿಯ ಉಡಿಗೆ ಹಾಕಿದಂತಾಯಿತು. ಮೂಸಿಯ ಕೆಳದಂಡೆಯ ರೈತರು ಆ ನೀರಿನಲ್ಲಿಯೇ ಭತ್ತ, ದನದ ಮೇವು ಬೆಳೆಯುತ್ತಾರೆ.

ಬೀದರಿನ ಬಸ್ಸು ಕೊನೆಗೆ ನಿಲ್ಲುವುದೂ ಮೂಸಿಯ ನಡುಗಡ್ಡೆಯ ಮೇಲೆಯೇ, ಇಮ್ಲಿಬನ್ ಬಸ್ ನಿಲ್ದಾಣದಲ್ಲಿ. ಅಲ್ಲಿಳಿದ ಕನ್ನಡದವರಿಗೆ ಆ ನದಿಯ ಜೊತೆ ಇನ್ನೊಂದು ನಂಟಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಸತ್ತರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರ ಹತ್ತಿ ಸುಮಾರು 150 ಜನ ಉಳಿದರು ಎಂದು ಹೇಳುತ್ತಾರೆ. ಮರು ವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ಎಂ. ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವಾಗಿ ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಬಂದವು. ನದಿಯಿಂದ ನಗರವನ್ನು ಕಾಪಾಡುವುದು ಹೇಗೆ ಎಂಬುದು ಅವರ ಮುಂದಿದ್ದ ಪ್ರಶ್ನೆ. ನೂರು ವರ್ಷದಲ್ಲಿ ಪ್ರಶ್ನೆಯೇ ತಿರುಗಿ ನಿಂತಿದೆ.

ನಮ್ಮ ಚಿಕ್ಕಪ್ಪನ ಮಗ ಪಟಾನ್‌ಚೆರುವಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಾನೆ. ರಿಯಾಕ್ಟರ್ ಎಂಬ ದೊಡ್ಡ ಹಂಡೆಗಳ ಉಸ್ತುವಾರಿ ಅವನದು. ಆ ಸಂಬಳದಲ್ಲಿ ಇಬ್ಬರು ತಂಗಿಯರ ಮದುವೆ ಮಾಡಿದ್ದಾನೆ. ನಾನು ಈ ಅಂಕಿಗಳನ್ನೆಲ್ಲ ಅವನ ಮುಂದೆ ಹರವಿದಾಗ ಸುಮ್ಮನೆ ಕೇಳಿ, "ಅಣ್ಣಾ, ವಾಸನಿ ಬರ್ತದಂತ ಎಲ್ಲಾರೂ ಅಂತಾರ. ಗುಳಿಗಿ ಬ್ಯಾಡ ಅಂತ ಯಾರೂ ಅನ್ನಲ್ಲ" ಎಂದ. ಅದು ನಿಜ. ಆದರೆ ಅವನೇ ಸ್ವಲ್ಪ ಹೊತ್ತು ಬಿಟ್ಟು, "ನೀರು ಪೂರಾ ಸಾಫ್ ಮಾಡೋದು ಆಗದ ಕೆಲಸೇನಲ್ಲ. ಖರ್ಚು ಬರ್ತದ. ಖರ್ಚು ಯಾರು ಹಾಕಬೇಕು ಅನ್ನೋದೇ ಮಾತು" ಎಂದೂ ಸೇರಿಸಿದ. ನಾನು ಓದಿದ ಎಷ್ಟೋ ವರದಿಗಳ ತಿರುಳು ಆ ಎರಡು ವಾಕ್ಯಗಳಲ್ಲಿತ್ತು. ಗುಳಿಗೆ ಅಗ್ಗವಾದದ್ದು ಯಾರೋ ಅದರ ಬೆಲೆಯ ಒಂದು ಪಾಲನ್ನು ಕಟ್ಟಿದ್ದರಿಂದ. ಕಟ್ಟಿದವನು ನರಿಹಳ್ಳದ ದಂಡೆಯ ರೈತ. ಅಗ್ಗದ ಲಾಭ ನಮ್ಮಂಥ ಮನೆಗಳಿಗಷ್ಟೇ ಅಲ್ಲ, ಇಲ್ಲಿಂದ ಬಲ್ಕ್ ಡ್ರಗ್ ಕೊಳ್ಳುವ ದೂರದ ಶ್ರೀಮಂತ ದೇಶಗಳಿಗೂ ಸಿಕ್ಕಿತು.

ಖರ್ಚು ಯಾರು ಹಾಕಬೇಕು ಎಂಬುದಕ್ಕೆ ಕಾನೂನು ಒಮ್ಮೆ ಉತ್ತರ ಕೊಡುವ ಹಾಗೆ ಕಂಡಿತು. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಕರಡು ಹೊರಡಿಸಿ, ಕಾರ್ಖಾನೆಯ ನೀರಿನಲ್ಲಿ ಯಾವ ಪ್ರತಿಜೀವಕ ಎಷ್ಟು ಇರಬಹುದು ಎಂದು 121 ಔಷಧಗಳಿಗೆ ಮಿತಿ ಹಾಕಿತು. 2021ರ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳು ಅದರಲ್ಲಿ ಇರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರತಿಜೀವಕ ಕಾರ್ಖಾನೆಗಳ ತ್ಯಾಜ್ಯದ ಬಗ್ಗೆ ಮಾರ್ಗಸೂಚಿ ಪ್ರಕಟಿಸಿತು. ಮಾರ್ಗಸೂಚಿ ದಾರಿ ತೋರಿಸುತ್ತದೆ; ನಡೆಯಲೇಬೇಕೆಂದು ಹಿಡಿದು ನಿಲ್ಲಿಸುವುದಿಲ್ಲ.

ಹೋದ ಮಳೆಗಾಲದಲ್ಲಿ ಅಣ್ಣನ ಮಗಳಿಗೆ ಟೈಫಾಯಿಡ್ ಆಯಿತು. ಆಕೆಗೆ ಈಗ ಹತ್ತೊಂಬತ್ತು. ರಕ್ತಪರೀಕ್ಷೆಯ ಕಾಗದದಲ್ಲಿ ಔಷಧಗಳ ಉದ್ದನೆಯ ಪಟ್ಟಿ, ಒಂದೊಂದರ ಮುಂದೆ ಒಂದು ಅಕ್ಷರ: ಎಸ್ ಎಂದರೆ ಕೆಲಸ ಮಾಡುತ್ತದೆ, ಆರ್ ಎಂದರೆ ಬಗ್ಗುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಮುಂದೆ ಆರ್ ಇತ್ತು. "ಅದು ಟೈಫಾಯಿಡ್‌ಗೆ ನಡೀದೆ ಬಹಳ ವರ್ಷ ಆತ್ರಿ" ಎಂದರು ಡಾಕ್ಟರು, ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ. ದಿನಾ ಇಂಜೆಕ್ಷನ್ನು ಬರೆದುಕೊಟ್ಟರು. ಆಕೆ ಹುಷಾರಾದಳು. ಆ ಆರ್ ಅಕ್ಷರ ನರಿಹಳ್ಳದಿಂದ ಬಂತು ಎಂದು ನಾನು ಹೇಳಲಾರೆ. ಸಣ್ಣ ನೆಗಡಿಗೂ ಪ್ರತಿಜೀವಕ ಕೇಳುವ ನಾವು, ಬರೆದುಕೊಡುವ ವೈದ್ಯರು, ಅರ್ಧಕ್ಕೆ ಗುಳಿಗೆ ಬಿಡುವ ರೋಗಿಗಳು, ಕೋಳಿಫಾರಂಗಳು ಎಲ್ಲರ ಪಾಲೂ ಅದರಲ್ಲಿದೆ. ಆದರೆ ಅಜ್ಜಿ ಅಷ್ಟು ಹೊತ್ತು ನೋಡುತ್ತ ಕೂತಿದ್ದ ಆ ಹಾಳೆ ನೆನಪಾಯಿತು. ಅತ್ತೆಗೆ ಆ ಗುಳಿಗೆ ಇನ್ನೂ ಹುಟ್ಟಿರಲಿಲ್ಲ. ನನಗೆ ಸಿಕ್ಕಿತು. ಅಣ್ಣನ ಮಗಳ ಕಾಲಕ್ಕೆ ಅದು ಮುಗಿದಿತ್ತು. ಮೂರು ತಲೆಮಾರಿನೊಳಗೆ ಒಂದು ಔಷಧ ಬಂದು ಹೋಯಿತು.

ಈಗಲೂ ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗುತ್ತೇನೆ. ಎ.ಸಿ. ಬಸ್ಸು, ಗಾಜು ತೆರೆಯಲು ಬರುವುದಿಲ್ಲ. ಪಟಾನ್‌ಚೆರು ಬಂದದ್ದು ಗೊತ್ತಾಗುವುದು ಮೇಲ್ಸೇತುವೆ, ಫಲಕಗಳಿಂದ. ಮೊನ್ನೆ ಪಕ್ಕದಲ್ಲಿ ಕೂತ ಹುಡುಗನಿಗೆ, ಇಲ್ಲಿ ಮೊದಲು ಬಹಳ ವಾಸನೆ ಬರುತ್ತಿತ್ತು ಎಂದೆ. ಕಿವಿಯಿಂದ ಇಯರ್‌ಫೋನ್ ತೆಗೆದು, "ಹೌದಾ ಅಂಕಲ್? ಈಗ ಕಡಿಮಿ ಆಗೇದಲ್ಲ" ಎಂದ. ಹೌದು, ವಾಸನೆ ಕಡಿಮೆಯಾಗಿದೆ ಎಂದೆ.